ನಮ್ಮ ವ್ಯಾನು ನಿಂತದ್ದೇಕೆ?



ಸಂಘದ ಹಳೆಯ ವ್ಯಾನಿನ ವಿಚಾರ ನಮ್ಮ ಸದಸ್ಯರಲ್ಲಿ ಯಾರಿಗೂ ಹೊಸದಲ್ಲ. 2024ರ ದೀಪಾವಳಿಯಿಂದ 2025ರ ಏಪ್ರಿಲ್‌ವರೆಗೆ ಅದು ದಾರಿಯಲ್ಲಿ ನಿಂತ ಕಥೆಗಳನ್ನು ಕೇಳದವರಿಲ್ಲ. ನಿಂತಾಗ ಇಳಿದು ತಳ್ಳಿದವರೂ ನಮ್ಮಲ್ಲಿ ಕೆಲವರಿದ್ದಾರೆ. ಕೊನೆಗೂ ಅದರ ರೋಗ ಯಾವುದೆಂದು ಪತ್ತೆಯಾಯಿತು. ಪತ್ತೆಯಾದ ಬಗೆಯನ್ನೂ, ಅದಕ್ಕಿಂತ ಹೆಚ್ಚಾಗಿ, ಪತ್ತೆಯಾಗದೆ ಆರು ತಿಂಗಳು ಕಳೆದ ಬಗೆಯನ್ನೂ ಈ ಪುಟದಲ್ಲಿ ಬರೆಯಬೇಕೆಂದು ನಿಶ್ಚಯಿಸಿದ್ದೇವೆ. ಇದರಿಂದ ಸಂಘದ ಮರ್ಯಾದೆಗೆ ಕುಂದು ಬರುತ್ತದೆಂದು ಒಬ್ಬಿಬ್ಬರು ನಿರ್ದೇಶಕರು ಹೇಳಿದರು. ತಪ್ಪನ್ನು ಮುಚ್ಚಿಟ್ಟರೆ ಮರ್ಯಾದೆ ಉಳಿಯುತ್ತದೆಂದು ನಮಗೆ ಅನ್ನಿಸಲಿಲ್ಲ. ತಪ್ಪು ನಡೆದದ್ದು ಕಾರ್ಯದರ್ಶಿಯ ಕುರ್ಚಿಯಲ್ಲಿ. ಹೇಳುವ ಹೊಣೆಯೂ ಆ ಕುರ್ಚಿಯದೇ.

ವ್ಯಾನಿಗೆ ಇಪ್ಪತ್ತಾರು ವರ್ಷ. ಕಾರ್ಬೊರೇಟರಿನ ಪೆಟ್ರೋಲ್ ಗಾಡಿ. ಕಂಪ್ಯೂಟರು, ಸೆನ್ಸರು ಯಾವುದೂ ಇಲ್ಲ. ಗೊಬ್ಬರದ ಚೀಲ, ಮೈಲುತುತ್ತದ ಡಬ್ಬ, ಆಸ್ಪತ್ರೆಗೆ ಹೊರಟ ಬಸುರಿಯರು, ಶಾಲಾ ವಾರ್ಷಿಕೋತ್ಸವದ ಪರದೆಗಳು, ಎಲ್ಲವನ್ನೂ ಅದು ಹೊತ್ತಿದೆ. ವರ್ಷಕ್ಕೆ ನಾಲ್ಕೈದು ಬಾರಿ ಕಾಫಿ ಪುಡಿ, ಕಾಳುಮೆಣಸು ತುಂಬಿಕೊಂಡು ಶಿವಮೊಗ್ಗ, ಹರಿಹರ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮಾರ್ಗವಾಗಿ ಹೊಸಪೇಟೆಗೆ ಹೋಗುತ್ತದೆ. ಅಲ್ಲಿಯ ಅಂಗಡಿಗಳಿಗೂ ಹಂಪಿ, ಕಮಲಾಪುರ ಕಡೆಯ ಕೆಲವು ಹೋಟೆಲುಗಳಿಗೂ ಮಾಲು ಕೊಟ್ಟು, ಬರುವಾಗ ನಮ್ಮ ಮಳಿಗೆಗೆ ಕಂಪ್ಲಿಯ ಅಕ್ಕಿ ತರುತ್ತದೆ. ಹತ್ತೊಂಬತ್ತು ವರ್ಷಗಳಿಂದ ಅದನ್ನು ನಡೆಸುತ್ತಿರುವವರು ಒಬ್ಬರೇ ಚಾಲಕರು.

ರೋಗದ ಲಕ್ಷಣ ಹೀಗಿತ್ತು. ಊರ ಸುತ್ತಿನ ಓಡಾಟದಲ್ಲಿ ಯಾವ ತಕರಾರೂ ಇಲ್ಲ. ದೂರದ ಪ್ರಯಾಣ ಹೊರಟರೆ ನಲವತ್ತು, ಐವತ್ತು ಕಿಲೋಮೀಟರಿನಲ್ಲಿ ಗಾಡಿ ಆಫ್ ಆಗುತ್ತಿತ್ತು. ಆಗ ಎಷ್ಟು ಸೆಲ್ಫ್ ಹೊಡೆದರೂ ಕೇಳುತ್ತಿರಲಿಲ್ಲ. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗದಂತೆ ಹೊರಡುತ್ತಿತ್ತು. ಗ್ಯಾರೇಜಿಗೆ ಒಯ್ದು ನಿಲ್ಲಿಸಿದರೆ ಇಡೀ ಬೆಳಗು ಒಂದೇ ಸಮನೆ ಓಡುತ್ತಿತ್ತು. ವೈದ್ಯರ ಮನೆ ಜಗಲಿ ಹತ್ತಿದ ಕೂಡಲೇ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ.

ನಾವು ಮಾಡಿದ್ದೇನು? ಮೊದಲು ಪ್ಲಗ್ಗುಗಳನ್ನು ಬದಲಾಯಿಸಿದೆವು. ಮೂರು ವಾರ ಗಾಡಿ ಚೆನ್ನಾಗಿ ಓಡಿತು. ಆಮೇಲೆ ಶಿವಮೊಗ್ಗಕ್ಕೆ ಹೋಗುವಾಗ ನಿಂತಿತು. ಪಾಯಿಂಟ್, ಕಂಡೆನ್ಸರ್ ಬದಲಾಯಿತು. ಹದಿನೈದು ದಿನ ಸರಿ. ಮತ್ತೆ ನಿಂತಿತು. ಕಾಯಿಲ್ ಹೋಗಿದೆ ಎಂದರು, ಹಾಕಿಸಿದೆವು. ಕಾರ್ಬೊರೇಟರನ್ನು ಬಿಚ್ಚಿ ತೊಳೆಸಿದೆವು. ಕೊನೆಗೆ ಎ.ಸಿ. ಪಂಪನ್ನೂ ಹೊಸದು ಹಾಕಿಸಿದೆವು. ಪ್ರತಿ ಸಲವೂ ಕೆಲವು ದಿನ ಸರಿಯಾದಂತೆ ಕಂಡದ್ದಕ್ಕೆ ಕಾರಣ, ಆ ದಿನಗಳಲ್ಲಿ ಗಾಡಿ ದೂರ ಹೋಗಿರಲೇ ಇಲ್ಲ. ಇಷ್ಟು ಸರಳವಾದ ಸಂಗತಿ ಪದವೀಧರರಾದ ನಮ್ಮ ತಲೆಗೆ ಹೊಳೆಯಲಿಲ್ಲ. ಬಿಲ್ಲುಗಳ ಮೊತ್ತ ಹದಿನಾಲ್ಕು ಸಾವಿರದ ಗಡಿ ದಾಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಒಂದೊಂದೇ ಭಾಗಕ್ಕೆ ಬರೆ ಹಾಕುತ್ತ ಹೋದೆವು. ಮೇಸ್ತ್ರಿಗಳನ್ನು ನಾವು ದೂರುವುದಿಲ್ಲ. ಅವರ ಮುಂದೆ ನಾವು ಗಾಡಿಯನ್ನು ಇಟ್ಟೆವೇ ಹೊರತು ರೋಗದ ಚರಿತ್ರೆಯನ್ನು ಇಡಲಿಲ್ಲ. ಕಚೇರಿಯಿಂದ ಹೋದ ಚೀಟಿಯಲ್ಲಿ ‘ಗಾಡಿ ಆಫ್ ಆಗುತ್ತದೆ, ಸರಿಪಡಿಸುವುದು’ ಎಂಬ ಒಂದು ಸಾಲಿನ ಹೊರತು ಬೇರೇನೂ ಇರಲಿಲ್ಲ.

ಈಗ ಹೇಳಲು ಸಂಕೋಚವಾಗುವ ಭಾಗಕ್ಕೆ ಬರುತ್ತೇವೆ. 2024ರಲ್ಲಿ ವ್ಯಾನಿನ ಮೈಲೇಜು ಲೀಟರಿಗೆ ಹದಿನಾಲ್ಕರಿಂದ ಹದಿಮೂರಕ್ಕೆ ಇಳಿದಿತ್ತು. ಲೆಕ್ಕದ ಪುಸ್ತಕ ನೋಡಿದ ಒಬ್ಬರು ‘ಪೆಟ್ರೋಲ್ ಎಲ್ಲಿಗೋ ಹೋಗುತ್ತಿದೆ’ ಎಂದರು. ಎಲ್ಲಿಗೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರಿತ್ತು. ದೀಪಾವಳಿಯ ಹೊತ್ತಿಗೆ ಟ್ಯಾಂಕಿಗೆ ಬೀಗವಿರುವ ಮುಚ್ಚಳವೊಂದನ್ನು ನಾವೇ ಪೇಟೆಯಿಂದ ತಂದು ಹಾಕಿಸಿದೆವು. ಎರಡು ಕೀಲಿಗಳೂ ನಮ್ಮ ಮೇಜಿನ ಖಾನೆಯಲ್ಲಿ. ದೂರ ಹೋಗುವಾಗ ಜೊತೆಗೆ ಹೋಗುವ ಗುಮಾಸ್ತರ ಕೈಗೆ ಒಂದು ಕೀಲಿ. ಚಾಲಕರು ಆ ದಿನ ಮುಚ್ಚಳವನ್ನೂ ನಮ್ಮನ್ನೂ ಒಮ್ಮೆ ನೋಡಿ ಏನೂ ಮಾತನಾಡದೆ ಗಾಡಿ ಹತ್ತಿದರು.

ಗಾಡಿ ದಾರಿಯಲ್ಲಿ ನಿಲ್ಲತೊಡಗಿದ್ದು ಆಮೇಲೆ. ಎರಡು ಸಲ ಹರಪನಹಳ್ಳಿಯ ಆಸುಪಾಸಿನಲ್ಲೇ ನಿಂತಿತು. ಚಾಲಕರ ಮಗಳನ್ನು ಆ ಕಡೆಗೆ ಕೊಟ್ಟಿದೆ. ಇನ್ನೇನು ಬೇಕು? ಬೀಗ ಹಾಕಿದ ಸಿಟ್ಟಿಗೆ ಬೇಕೆಂದೇ ನಿಲ್ಲಿಸುತ್ತಿದ್ದಾರೆಂದು ಮಾತು ಹುಟ್ಟಿತು. 2025ರ ಮಾರ್ಚ್‌ನಲ್ಲಿ ಆಡಳಿತ ಮಂಡಳಿಯ ಸೂಚನೆಯಂತೆ, ಕೆಲಸದಿಂದ ಏಕೆ ತೆಗೆಯಬಾರದೆಂದು ಕಾರಣ ಕೇಳಿ ಅವರಿಗೆ ನೋಟೀಸು ಹೋಯಿತು. ಕರಡು ಬರೆದವರೂ ಸಹಿ ಮಾಡಿದವರೂ ನಾವೇ.

ಅವರು ಅರ್ಧ ಹಾಳೆಯಲ್ಲಿ ಉತ್ತರ ಬರೆದುಕೊಟ್ಟರು. ‘ಗಾಡಿ ನಿಲ್ಲುವ ಮುಂಚೆ ದಮ್ಮು ಕಟ್ಟಿದ ಹಾಗೆ ಮಾಡುತ್ತೆ ಸಾರ್. ಟ್ಯಾಂಕು ಫುಲ್ ಮಾಡಿಕೊಂಡು ಹೊರಟ ದಿನವೇ ಜಾಸ್ತಿ. ಇದನ್ನ ಮೊದಲೂ ಹೇಳಿದ್ದೆ’ ಎಂದು ಅದರಲ್ಲಿತ್ತು. ಓದಿ ಕಡತಕ್ಕೆ ಸೇರಿಸಿದೆವು. ರೋಗದ ಮೂಲವೆಲ್ಲ ಆ ಎರಡು ವಾಕ್ಯಗಳಲ್ಲಿತ್ತು. ತಪ್ಪೊಪ್ಪಿಗೆ ಇದೆಯೇ ಎಂದು ಹುಡುಕುತ್ತ ಓದಿದವರಿಗೆ ಅದು ಕಾಣಿಸಲಿಲ್ಲ.

ಏಪ್ರಿಲ್‌ನ ಹೊಸಪೇಟೆ ಪ್ರಯಾಣಕ್ಕೆ ನಾವೇ ಜೊತೆಯಲ್ಲಿ ಹೊರಟೆವು. ಕಣ್ಣಾರೆ ನೋಡಿ ತೀರ್ಮಾನಿಸೋಣವೆಂಬುದು ಉದ್ದೇಶ. ಕೀಲಿ ನಮ್ಮ ಜೇಬಿನಲ್ಲಿ. ಬೆಳಗಿನ ಜಾವ ಟ್ಯಾಂಕು ತುಂಬಿಸಿಕೊಂಡು ಹೊರಟವರು ಶಿವಮೊಗ್ಗ ಮುಟ್ಟುವ ಮೊದಲೇ ಒಮ್ಮೆ ನಿಂತೆವು. ಹರಿಹರ ದಾಟಿ ಇನ್ನೊಮ್ಮೆ. ಹಗರಿಬೊಮ್ಮನಹಳ್ಳಿಯಲ್ಲಿ ಮತ್ತೆ ಟ್ಯಾಂಕು ತುಂಬಿಸಿದೆವು. ಮರಿಯಮ್ಮನಹಳ್ಳಿ ದಾಟಿ ಟಿ.ಬಿ. ಡ್ಯಾಂ ಸಮೀಪಿಸುವಾಗ ಗಾಡಿ ಎರಡು ಸಲ ಮುಗ್ಗರಿಸಿ ರಸ್ತೆ ಬದಿಯಲ್ಲಿ ನಿಂತೇಬಿಟ್ಟಿತು. ಮಧ್ಯಾಹ್ನ ಒಂದು ಗಂಟೆಯ ಬಿಸಿಲು. ಸಂಡೂರಿನ ಕಡೆಯ ಅದಿರು ಲಾರಿಗಳ ಕೆಂಪು ಧೂಳು ಬೇವಿನ ಎಲೆಗಳ ಮೇಲೆಲ್ಲ ಕೂತಿತ್ತು. ಮಲೆನಾಡಿನ ಮಳೆಯಲ್ಲಿ ಬೆಳೆದ ನಮ್ಮಂಥವರಿಗೆ ಆ ಬಿಸಿಲಿನಲ್ಲಿ ಅರ್ಧ ಗಂಟೆ ನಿಲ್ಲುವುದೆಂದರೆ ಸುಲಭವಲ್ಲ.

ಹತ್ತಿರದ ಚಹದ ಅಂಗಡಿಯ ಬೆಂಚಿನ ಮೇಲೆ ಒಬ್ಬ ಹಿರಿಯರು ಕುಳಿತಿದ್ದರು. ಟಿ.ಬಿ. ಡ್ಯಾಂನಲ್ಲಿ ಹಿಂದೆ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. ಅಣೆಕಟ್ಟುಗಳ ಗೇಟು ತಯಾರಿಸುವುದಕ್ಕೆ ಅದು ಹೆಸರಾಗಿತ್ತು, ಈಗ ಮುಚ್ಚಿದೆ. ಅಲ್ಲಿ ದುಡಿದು ನಿವೃತ್ತರಾದವರೆಂದು ಆಮೇಲೆ ತಿಳಿಯಿತು. ಎದ್ದು ಬಂದು ಕೇಳಿದರು:

‘ಗಾಡಿ ಹೆಂಗ ನಿಲ್ತೈತ್ರೀ? ಟಕ್ಕಂತ ನಿಲ್ತೈತೋ, ಕೆಮ್ಮಿ ಕೆಮ್ಮಿ ನಿಲ್ತೈತೋ?’

ನಾವು ಉತ್ತರ ಹೇಳಲು ಬಾಯಿ ತೆರೆದೆವು. ಅವರು ಕೈ ಅಡ್ಡ ಮಾಡಿದರು.

‘ನೀವು ತಡೀರಿ ಸ್ವಾಮಿ. ಗಾಡಿ ಹೊಡ್ಯಾವ ಹೇಳ್ಲಿ.’

ಆರು ತಿಂಗಳಲ್ಲಿ ಚಾಲಕರನ್ನು ಕೇಳಿದ ಮೊದಲ ಮನುಷ್ಯ ಅವರು. ಚಾಲಕರು ಐದು ನಿಮಿಷ ಹೇಳಿದರು. ಹಿರಿಯರು ನಡುನಡುವೆ ಕೇಳಿದ್ದು ನಾಲ್ಕೇ ಪ್ರಶ್ನೆ. ಎಷ್ಟು ದೂರ ಓಡಿದ ಮೇಲೆ? ಟ್ಯಾಂಕಿನಲ್ಲಿ ಎಷ್ಟಿದ್ದಾಗ? ಎಷ್ಟು ಹೊತ್ತು ಬಿಟ್ಟರೆ ಹೊರಡುತ್ತದೆ? ಕೊನೆಯದು:

‘ಇದು ಸುರು ಆಗೋಕಿಂತ ಮುಂಚೆ ಗಾಡಿಗೆ ಹೊಸದಾಗಿ ಏನು ಹಾಕ್ಸಿದ್ರಿ?’

ಚಾಲಕರು ನಮ್ಮ ಮುಖ ನೋಡಿದರು. ಸ್ವಲ್ಪ ತಡೆದು, ‘ಟ್ಯಾಂಕಿನ ಮುಚ್ಚಳ’ ಎಂದರು.

‘ತಗೀರಿ ಅದನ್ನ’ ಎಂದರು ಹಿರಿಯರು. ಬೀಡಿ ಸೇದುತ್ತ ಹತ್ತಿರ ಬಂದಿದ್ದವನೊಬ್ಬನನ್ನು ಗದರಿಸಿ ದೂರ ಕಳಿಸಿದರು. ಜೇಬಿನಿಂದ ಕೀಲಿ ತೆಗೆದು ನಾವೇ ಮುಚ್ಚಳ ತಿರುಗಿಸಿದೆವು. ಸೊಯ್ ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಮುಚ್ಚಳವನ್ನು ಮತ್ತೆ ಹಾಕಿ ಚಾಲಕರು ಸೆಲ್ಫ್ ಹೊಡೆದರು. ನಾಲ್ಕು ಸುತ್ತಿಗೆ ಗಾಡಿ ಹತ್ತಿಕೊಂಡಿತು.

‘ಟ್ಯಾಂಕಿಗೂ ಉಸಿರು ಬೇಕ್ರೀ ಸ್ವಾಮಿ. ಉಸಿರು ಕಟ್ಟಿಸಿ ದುಡಿ ಅಂದ್ರ ಯಾರು ದುಡೀತಾರ?’

ಅವರು ಹೇಳಿದ್ದು ಟ್ಯಾಂಕಿನ ವಿಚಾರ. ನಾವು ಚಾಲಕರ ಕಡೆ ನೋಡಲಾರದೆ ಹೋದೆವು.

ಕಾರಣ ಇಷ್ಟೇ. ಹಳೆಯ ಗಾಡಿಗಳಲ್ಲಿ ಪೆಟ್ರೋಲ್ ಖರ್ಚಾದಂತೆ ಅದರ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಣ್ಣ ರಂಧ್ರವೋ ಕವಾಟವೋ ಇರುತ್ತದೆ. ನಾವು ತಂದ ಬೀಗದ ಮುಚ್ಚಳದಲ್ಲಿ ಅದು ಇರಲಿಲ್ಲ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಉಳಿದಿರುವ ಜಾಗ ಸುಮಾರು ಮೂರು ಲೀಟರು ಎಂದಿಟ್ಟುಕೊಳ್ಳಿ. ಮೂರು ಲೀಟರು ಪೆಟ್ರೋಲ್ ಖರ್ಚಾದಾಗ ಅದೇ ಗಾಳಿ ಆರು ಲೀಟರು ಜಾಗಕ್ಕೆ ಹರಡಿಕೊಳ್ಳಬೇಕು. ಒಳಗಿನ ಒತ್ತಡ ಇಳಿಯುತ್ತದೆ. ಪಂಪು ಎಳೆದರೂ ಪೆಟ್ರೋಲ್ ಬರುವುದಿಲ್ಲ. ನಮ್ಮ ವ್ಯಾನಿಗೆ ಮೂರು ಲೀಟರು ಎಂದರೆ ಸುಮಾರು ನಲವತ್ತು ಕಿಲೋಮೀಟರು. ಟ್ಯಾಂಕು ಅರ್ಧ ಖಾಲಿಯಿದ್ದು ಹದಿನೈದು ಲೀಟರು ಗಾಳಿ ಇದ್ದರೆ, ಮೂರು ಲೀಟರು ಖರ್ಚಾದಾಗ ಹದಿನೈದು ಹೋಗಿ ಹದಿನೆಂಟಾಗುತ್ತದೆ, ಅಷ್ಟೇ. ಎಂಜಿನ್ನಿಗೆ ಅದು ತಿಳಿಯುವುದೇ ಇಲ್ಲ. ಊರಲ್ಲಿ ಓಡುವಾಗ ಏನೂ ಆಗದೆ, ಟ್ಯಾಂಕು ತುಂಬಿಸಿ ದೂರ ಹೊರಟಾಗ ಮಾತ್ರ ನಿಲ್ಲುತ್ತಿದ್ದದ್ದು ಇದಕ್ಕೇ. ನಿಂತ ಗಾಡಿಯಲ್ಲಿ ಸಂದಿಗೊಂದಿಗಳಿಂದ ಗಾಳಿ ನಿಧಾನವಾಗಿ ನುಸುಳಿ ಒತ್ತಡ ಸಮವಾಗಲು ಅರ್ಧ ಗಂಟೆ ಹಿಡಿಯುತ್ತಿತ್ತು. ಬಯಲುಸೀಮೆಯ ಬಿಸಿಲು ಇದಕ್ಕೆ ತುಪ್ಪ ಸುರಿಯುತ್ತಿತ್ತು: ಒತ್ತಡ ಕಡಿಮೆಯಾದಾಗ ಪೆಟ್ರೋಲ್ ಬೇಗ ಆವಿಯಾಗುತ್ತದೆ, ಪೈಪಿನಲ್ಲಿ ಆವಿ ತುಂಬಿಕೊಂಡರೆ ಪಂಪಿನ ಕೈಗೆ ಏನೂ ಸಿಗುವುದಿಲ್ಲ.

ಹಿರಿಯರು ಅಷ್ಟಕ್ಕೇ ಒಪ್ಪಲಿಲ್ಲ. ಒಂದು ಸಲ ಸರಿಹೋದರೆ ಅದೃಷ್ಟವೂ ಇರಬಹುದು, ಇನ್ನೊಂದು ಸಲ ನೋಡಿಕೊಂಡು ಹೋಗಿ ಎಂದರು. ಹೊಸಪೇಟೆಯಲ್ಲಿ ರಂಧ್ರವಿರುವ ಸರಿಯಾದ ಮುಚ್ಚಳ ಕೊಂಡೆವು. ಆದರೆ ಮರಳುವಾಗ ಟ್ಯಾಂಕು ತುಂಬಿಸಿ ಬೇಕೆಂದೇ ಬೀಗದ ಮುಚ್ಚಳವನ್ನೇ ಹಾಕಿಕೊಂಡು ಹೊರಟೆವು. ಹಗರಿಬೊಮ್ಮನಹಳ್ಳಿಗೆ ಸ್ವಲ್ಪ ಮೊದಲು ಗಾಡಿ ದಮ್ಮು ಕಟ್ಟಿ ನಿಂತಿತು. ಮುಚ್ಚಳ ತೆರೆದಾಗ ಅದೇ ಸೊಯ್ ಸದ್ದು. ಅಲ್ಲಿ ಹೊಸ ಮುಚ್ಚಳ ಹಾಕಿದೆವು. ಕಂಪ್ಲಿಯ ಅಕ್ಕಿ ಹೊತ್ತ ಗಾಡಿ ಊರು ಮುಟ್ಟುವವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಆಮೇಲೆ ಈ ರೋಗ ಮರುಕಳಿಸಿಲ್ಲ. ಆ ಹಿರಿಯರು ಒಂದು ಲೋಟ ಚಹದ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಅರ್ಧ ಕಿಲೋ ಕಾಫಿ ಪುಡಿಯನ್ನು ಮಾತ್ರ ಬಲವಂತದಿಂದ ಕೊಟ್ಟು ಬಂದೆವು.

ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ದೋಷವೇ ಯಂತ್ರಗಳಲ್ಲಿ ಕಷ್ಟದ್ದು. ಪೂರ್ತಿ ಕೆಟ್ಟದ್ದನ್ನು ಯಾರು ಬೇಕಾದರೂ ಹುಡುಕಬಹುದು. ಬಂದು ಹೋಗುವುದನ್ನು ಹಿಡಿಯಬೇಕಾದರೆ ಅದು ಯಾವಾಗ ಬರುತ್ತದೆಂದು ಬರೆದಿಡಬೇಕು. ನಮ್ಮ ಸದಸ್ಯರಲ್ಲಿ ಹಲವರ ಮನೆಯಲ್ಲಿ ಹಳೆಯ ಜೀಪು, ವ್ಯಾನುಗಳಿವೆ. ಅವರ ಉಪಯೋಗಕ್ಕೆಂದು ನಾವು ಈ ಪ್ರಸಂಗದಿಂದ ಕಲಿತದ್ದನ್ನೂ ಮೇಸ್ತ್ರಿಗಳಿಂದ ಕೇಳಿ ತಿಳಿದದ್ದನ್ನೂ ಸ್ವಲ್ಪದರಲ್ಲಿ ಹೇಳುತ್ತೇವೆ.

ಕೀಲಿ ತಿರುಗಿಸಿದಂತೆ ಟಕ್ಕನೆ ನಿಂತರೆ ಮೊದಲ ಅನುಮಾನ ವಿದ್ಯುತ್ತಿನ ಮೇಲೆ: ಸವೆದ ಇಗ್ನಿಷನ್ ಸ್ವಿಚ್ಚು, ಸಡಿಲವಾದ ವೈರು, ಬ್ಯಾಟರಿಯ ಹಾಗೂ ಎಂಜಿನ್ನಿನ ಅರ್ತ್. ಗುಂಡಿಗೆ ಬಿದ್ದಾಗ ನಿಂತು ಇನ್ನೊಂದು ಗುಂಡಿಗೆ ಹೊರಟರೆ ಅನುಮಾನವೇ ಬೇಡ, ವೈರುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಬೇಕು. ಕೆಮ್ಮಿ, ಮಿಸ್ಸಿಂಗ್ ಹೊಡೆದು, ಜಗ್ಗಿ ನಿಂತರೆ ಪೆಟ್ರೋಲ್ ಬರುತ್ತಿಲ್ಲ ಎಂದರ್ಥ: ಟ್ಯಾಂಕಿನ ತುಕ್ಕು, ಫಿಲ್ಟರು, ಬಿರಿದ ರಬ್ಬರ್ ಪೈಪು, ಪಂಪು, ಮುಚ್ಚಳದ ರಂಧ್ರ. ಎಂಜಿನ್ ಕಾದ ಮೇಲೆ ಮಾತ್ರ ಟಕ್ಕನೆ ನಿಂತು, ಆರಿದ ಮೇಲೆ ಹೊರಟರೆ ಕಾಯಿಲನ್ನು ನೋಡಬೇಕು. ಒಳಗಿನ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುವುದುಂಟು. ಮಳೆಯಲ್ಲಿ, ಮಂಜಿನಲ್ಲಿ ಮಾತ್ರ ತೊಂದರೆ ಕೊಟ್ಟರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸೀಳು ಅಥವಾ ಪ್ಲಗ್ ವೈರಿನ ತೇವ. ಓಡುವಾಗ ಸರಿಯಿದ್ದು, ಆಕ್ಸಿಲರೇಟರ್ ಬಿಟ್ಟು ನಿಲ್ಲಿಸಿದಾಗ ಮಾತ್ರ ಆಫ್ ಆದರೆ ಕಾರ್ಬೊರೇಟರಿನ ಐಡ್ಲಿಂಗ್ ಜೆಟ್‌ನಲ್ಲಿ ಕಸ, ಇಲ್ಲವೆ ಎಲ್ಲೋ ಗಾಳಿ ಸೋರಿಕೆ. ಡೀಸೆಲ್ ಗಾಡಿಯಾದರೆ ಕಿಡಿಯ ಪ್ರಶ್ನೆ ಬರುವುದಿಲ್ಲ. ಪೈಪಿನೊಳಗೆ ಗಾಳಿ, ಫಿಲ್ಟರಿನೊಳಗೆ ನೀರು, ಟ್ಯಾಂಕಿನ ಜಾಲರಿಯಲ್ಲಿ ಕಸ, ಈ ಮೂರನ್ನು ಮೊದಲು ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಎರಡು ನಿಯಮ. ಗಾಡಿ ನಿಂತ ಜಾಗದಲ್ಲಿಯೇ, ಅದು ಮತ್ತೆ ಹೊರಡುವ ಮೊದಲು, ಕಿಡಿ ಇದೆಯೋ ಪೆಟ್ರೋಲ್ ಇದೆಯೋ ಎಂದು ನೋಡಬೇಕು; ಆದರೆ ತೆರೆದ ಪೆಟ್ರೋಲಿನ ಹತ್ತಿರ ಕಿಡಿಯ ಪರೀಕ್ಷೆ ಎಂದೂ ಕೂಡದು. ಎರಡನೆಯದು, ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಾಯಿಸಿ, ಬದಲಾಯಿಸಿದ ದಿನ ಬರೆದಿಟ್ಟು, ಮೊದಲು ಎಂಥ ಪ್ರಯಾಣದಲ್ಲಿ ನಿಲ್ಲುತ್ತಿತ್ತೋ ಅಂಥದೇ ಪ್ರಯಾಣ ಮಾಡಿ ನೋಡಬೇಕು. ನಾವು ಇದನ್ನು ಮಾಡಿದ್ದರೆ ಪ್ಲಗ್ಗಿನ ದುಡ್ಡಿಗೇ ವಿಷಯ ಮುಗಿಯುತ್ತಿತ್ತು.

ಈ ಮುಚ್ಚಳದ ಪಾಠ ವ್ಯಾನಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರ್, ಸಣ್ಣ ಪೆಟ್ರೋಲ್ ಪಂಪುಸೆಟ್ಟು, ಇವುಗಳ ಟ್ಯಾಂಕಿಗೂ ಗಾಳಿ ಬೇಕು. ಬೋರ್ಡೋ ದ್ರಾವಣದ ಸುಣ್ಣ, ತೋಟದ ಮಣ್ಣು ಮೆತ್ತಿ ಆ ಸಣ್ಣ ತೂತು ಮುಚ್ಚಿಕೊಳ್ಳುತ್ತದೆ. ಯಂತ್ರ ಹತ್ತು ನಿಮಿಷ ಓಡಿ ನಿಂತು, ಮುಚ್ಚಳ ಸಡಿಲಿಸಿದ ಕೂಡಲೇ ಹೊರಟರೆ ದುರಸ್ತಿಗೆ ಒಯ್ಯುವ ಮೊದಲು ಮುಚ್ಚಳ ತೊಳೆದು ನೋಡಿ.

ಇನ್ನು ಮೈಲೇಜಿನ ಮಾತು. ಕಳ್ಳತನದ ಅನುಮಾನ ಹುಟ್ಟಿದ್ದೇ ಅಲ್ಲಿ. ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ನಮ್ಮ ದೇಶದಲ್ಲಿ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಲಾಯಿತು; 2025ರ ಹೊತ್ತಿಗೆ ಅದು ದೇಶದ ತುಂಬ ಬಂದಿದೆ. ಒಂದು ಲೀಟರು ಎಥನಾಲ್‌ನಲ್ಲಿ ಅಷ್ಟೇ ಪೆಟ್ರೋಲಿಗಿಂತ ಮೂರನೆಯ ಒಂದರಷ್ಟು ಕಡಿಮೆ ಶಕ್ತಿಯಿದೆ. ಹಳೆಯ ಪೆಟ್ರೋಲಿಗೆಂದೇ ರೂಪಿಸಿದ ನಾಲ್ಕು ಚಕ್ರದ ಗಾಡಿಗಳಲ್ಲಿ ಇದರಿಂದ ಶೇಕಡ 6–7ರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯಲ್ಲಿಯೇ ಇದೆ. ಹದಿನಾಲ್ಕರಲ್ಲಿ ಶೇಕಡ ಏಳು ಕಳೆದರೆ ಹದಿಮೂರು. ಲೆಕ್ಕ ನಮ್ಮ ಕಣ್ಣ ಮುಂದೆಯೇ ಇತ್ತು. ಎಂಜಿನ್ನಿನ ವಯಸ್ಸೂ ಅದರಲ್ಲಿ ಸ್ವಲ್ಪ ಪಾಲು ಪಡೆದಿರಬಹುದು. ಚಾಲಕರ ಪಾಲು ಅದರಲ್ಲಿ ಇರಲಿಲ್ಲ. ಹಾಗೆಯೇ ಎಥನಾಲ್ ನೀರನ್ನು ಹೀರುವ ಗುಣದ್ದು, ಹಳೆಯ ರಬ್ಬರನ್ನು ಬೇಗ ಕೆಡಿಸಬಲ್ಲದು. ಮಳೆಗಾಲದಲ್ಲಿ ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಇದನ್ನು ಗಮನದಲ್ಲಿಟ್ಟು ಪೈಪುಗಳನ್ನು ನೋಡಿಕೊಳ್ಳುವುದು ಕ್ಷೇಮ.

ನಾವು ಅಡಿಕೆ ಬೆಳೆಗಾರರು. ರೋಗವನ್ನು ಕೇಳಿ ತಿಳಿಯುವುದು ನಮಗೆ ಹೊಸ ವಿದ್ಯೆಯಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು ಕೊಳೆರೋಗದ ಬೆನ್ನು ಹತ್ತಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಯಾವ ತೋಟದಲ್ಲಿ, ಯಾವ ಮಳೆಗೆ, ಗೊನೆಯ ಯಾವ ಭಾಗದಲ್ಲಿ ಕೊಳೆ ಹತ್ತುತ್ತದೆ ಎಂದು ಕೇಳದೆ ಅಂಥ ಕೆಲಸ ಆಗುವುದಿಲ್ಲ. ಮರ ಹತ್ತುವ ಕೊನೆಗಾರನಿಗೆ ಗೊತ್ತಿರುವುದು ಜಗಲಿಯ ಮೇಲೆ ಕುಳಿತ ಯಜಮಾನನಿಗೆ ಗೊತ್ತಿರುವುದಿಲ್ಲ. ತೋಟದಲ್ಲಿ ಈ ಮಾತನ್ನು ಒಪ್ಪುವ ನಾವು ಕಚೇರಿಯಲ್ಲಿ ಅದನ್ನು ಮರೆತೆವು.

ಆ ದಿನ ಸಂಜೆ ಅಣೆಕಟ್ಟನ್ನೂ ನೋಡಿ ಬಂದೆವು. ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಸೇರುವ ತುಂಗೆ ಭದ್ರೆಯರ ನೀರು ಅಲ್ಲಿ ನಿಂತಿದೆ. ನಮ್ಮ ತೋಟಗಳ ಮೇಲೆ ಬಿದ್ದ ಮಳೆಯೂ ಅದರಲ್ಲಿ ಸೇರಿದೆ. 1953ರಿಂದ ನೀರು ಕೊಡುತ್ತಿರುವ ಆ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ತುಂಬಿದ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ತಡೆ ಹಾಕಿದ್ದನ್ನು ದೇಶವೇ ನೋಡಿತು. ಅಷ್ಟರೊಳಗೆ ರೈತರ ಬೆಳೆಗೆ ಬೇಕಾದ ಎಷ್ಟೋ ನೀರು ಹರಿದುಹೋಗಿತ್ತು. ಅಷ್ಟು ದೊಡ್ಡ ಸಂಗತಿಯ ಪಕ್ಕದಲ್ಲಿ ನಮ್ಮ ಮುಚ್ಚಳವನ್ನು ಇಡುವುದು ಅತಿಯಾದೀತು. ಆದರೂ ಹಳೆಯದನ್ನು ಇಟ್ಟುಕೊಂಡವರು ಅದರ ಸಣ್ಣ ಸಣ್ಣ ಕೊಂಡಿಗಳ ಮೇಲೆ ಕಣ್ಣಿಡಬೇಕೆಂಬ ಮಾತು ಇಬ್ಬರಿಗೂ ಅನ್ವಯಿಸುತ್ತದೆ ಎಂದು ಆ ಗೇಟುಗಳ ಸಾಲನ್ನು ನೋಡುವಾಗ ಅನ್ನಿಸಿತು.

ಹಳೆಯ ವ್ಯಾನನ್ನು ಮಾರಿ ಸಾಲ ಮಾಡಿಯಾದರೂ ಹೊಸದನ್ನು ಕೊಳ್ಳಬೇಕೆಂದು ಕೆಲವು ಸದಸ್ಯರ ಅಭಿಪ್ರಾಯ. ಅದರಲ್ಲಿ ನ್ಯಾಯವಿದೆ. ಬಿಡಿಭಾಗಗಳು ಸಿಗುವುದು ಕಷ್ಟವಾಗುತ್ತಿದೆ, ಎಫ್.ಸಿ. ಮಾಡಿಸುವಾಗಲೆಲ್ಲ ಖರ್ಚಿದೆ, ಬಸುರಿಯನ್ನು ಕೂರಿಸಿಕೊಂಡು ಹೋಗುವ ಗಾಡಿಯ ಮೇಲೆ ಭರವಸೆ ಇರಬೇಕು. ಮುಂದಿನ ಮಹಾಸಭೆ ಇದನ್ನು ತೀರ್ಮಾನಿಸಲಿ, ನಾವು ಅಡ್ಡ ಬರುವುದಿಲ್ಲ. ಆದರೆ ‘ದಾರಿಯಲ್ಲಿ ನಿಲ್ಲುತ್ತದೆ’ ಎಂಬ ಕಾರಣವನ್ನು ಮಾತ್ರ ಅರ್ಜಿಯಿಂದ ತೆಗೆದುಹಾಕಬೇಕೆಂದು ಕೋರುತ್ತೇವೆ. ಹೊಸ ಗಾಡಿಗಳಲ್ಲಿ ದೋಷವನ್ನು ತಾನೇ ದಾಖಲಿಸುವ ಕಂಪ್ಯೂಟರು ಇರುತ್ತದೆ. ಅದೂ ಎಲ್ಲವನ್ನೂ ಹಿಡಿಯುವುದಿಲ್ಲ. ಬಂದು ಹೋಗುವ ದೋಷ ಅಲ್ಲಿಯೂ ಕಣ್ಣು ತಪ್ಪಿಸುವುದುಂಟು. ಆಗಲೂ ಸ್ಟೇರಿಂಗಿನ ಹಿಂದೆ ಕುಳಿತವರನ್ನೇ ಕೇಳಬೇಕಾಗುತ್ತದೆ.

ಮೇ ತಿಂಗಳ ಸಭೆಯಲ್ಲಿ ಆಡಳಿತ ಮಂಡಳಿ ನೋಟೀಸನ್ನು ಹಿಂತೆಗೆದುಕೊಂಡಿತು. ಅದರ ನಕಲು ಚಾಲಕರ ಸೇವಾ ಕಡತದಲ್ಲಿ ಉಳಿಯಬಾರದೆಂದು ನಾವು ಕೇಳಿಕೊಂಡೆವು, ಮಂಡಳಿ ಒಪ್ಪಿತು. ಸಭೆಯಲ್ಲಿ ಅವರ ಕ್ಷಮೆ ಕೇಳಿದ್ದೇವೆ. ಆದರೆ ಅನುಮಾನದ ಮಾತು ಹಬ್ಬಿದ್ದು ಸಭೆಯ ಕೋಣೆಯಲ್ಲಿ ಅಲ್ಲ. ಸಂತೆಯಲ್ಲಿ, ಕಣದಲ್ಲಿ, ಬಸ್ ನಿಲ್ದಾಣದಲ್ಲಿ. ಅದು ತಲುಪಿದ ಮನೆಗಳಿಗೆಲ್ಲ ಇದೂ ತಲುಪಲಿ ಎಂದು ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇವೆ. ಹತ್ತೊಂಬತ್ತು ವರ್ಷ ನಮ್ಮ ಹೆಂಡಿರು ಮಕ್ಕಳನ್ನು ಸರಿರಾತ್ರಿಯಲ್ಲಿ ಆಸ್ಪತ್ರೆಗೆ ಮುಟ್ಟಿಸಿದವರ ಮೇಲೆ ಒಂದು ಲೀಟರಿಗೆ ಒಂದು ಕಿಲೋಮೀಟರಿನ ಲೆಕ್ಕಕ್ಕೆ ನಂಬಿಕೆ ಕಳೆದುಕೊಂಡೆವು. ನಮ್ಮ ಅಪನಂಬಿಕೆ ತಂದು ಹಾಕಿದ ಮುಚ್ಚಳವೇ ಗಾಡಿಯನ್ನು ನಿಲ್ಲಿಸಿತು, ಗಾಡಿ ನಿಂತದ್ದೇ ಅಪನಂಬಿಕೆಗೆ ಸಾಕ್ಷಿಯಾಯಿತು.

ಇನ್ನು ಮುಂದೆ ವ್ಯಾನಿನಲ್ಲಿ ಒಂದು ಪುಸ್ತಕ ಇರುತ್ತದೆ. ಪೆಟ್ರೋಲ್ ಹಾಕಿದ ದಿನ, ಪ್ರಮಾಣ, ಓಡಿದ ದೂರ, ಬದಲಾಯಿಸಿದ ಭಾಗ, ಕಂಡುಬಂದ ತೊಂದರೆ, ಇಷ್ಟನ್ನೂ ಚಾಲಕರೇ ತಮ್ಮ ಕೈಬರಹದಲ್ಲಿ ಬರೆಯುತ್ತಾರೆ. ದುರಸ್ತಿಗೆ ಹೋಗುವಾಗ ಆ ಪುಸ್ತಕ ಜೊತೆಗೆ ಹೋಗುತ್ತದೆ. ಮೇಸ್ತ್ರಿಯ ಜೊತೆ ಮಾತನಾಡುವವರೂ ಅವರೇ. ಕಾರ್ಯದರ್ಶಿ ಬಿಲ್ಲಿಗೆ ಸಹಿ ಹಾಕುವ ಮೊದಲು ಆ ಪುಟವನ್ನು ಓದತಕ್ಕದ್ದು ಎಂದು ನಡಾವಳಿಯಲ್ಲಿ ಬರೆಸಿದ್ದೇವೆ. ಸಂಘದ ಪಲ್ಪರು, ಗಿರಣಿ, ಜನರೇಟರುಗಳಿಗೂ ಅಂಥದೇ ಪುಸ್ತಕಗಳನ್ನು ತರಿಸಲಾಗಿದೆ. ತಮ್ಮ ಯಂತ್ರಗಳಿಗೆ ಬೇಕೆನ್ನುವ ಸದಸ್ಯರು ಕಚೇರಿಯಲ್ಲಿ ಕೇಳಿ ಪಡೆಯಬಹುದು.

ಬೀಗದ ಮುಚ್ಚಳ ಈಗ ನಮ್ಮ ಮೇಜಿನ ಮೇಲಿದೆ, ಎರಡು ಕೀಲಿಗಳ ಸಮೇತ. ನೋಡಬೇಕೆನ್ನುವವರು ಬರಬಹುದು.